ಮುನಿರಾಜಣ್ಣನ ದನಿಯಲ್ಲಿ ನಾನು ಆಡಿದ ಮಾತು

ಒಬ್ಬರು ನನ್ನನ್ನು ನಂಬಿ ಹೇಳಿದ ಮಾತನ್ನು, ಅವರದೇ ದನಿಯಲ್ಲಿ, ಅವರ ಮನೆಯವರ ಮುಂದೆಯೇ ಆಡಿ ಜನರನ್ನು ನಗಿಸಿದವನು ನಾನು. ಎರಡು ವರ್ಷ ಇದನ್ನು ಮುಚ್ಚಿಟ್ಟೆ.

ಅರಿಶಿನಕುಂಟೆ ಹತ್ತಿರ, ಹೆದ್ದಾರಿಯಿಂದ ಒಳಗೆ, ಕುಡಿತ ಬಿಡಿಸುವ ಒಂದು ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕ. ಹೆಸರು ದೊಡ್ಡದು, ಕೆಲಸ ಎದುರಿಗೆ ಕೂತು ಕೇಳಿಸಿಕೊಳ್ಳೋದು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನನ್ನನ್ನು ಈ ಕೆಲಸಕ್ಕೆ ತಗೊಂಡಿದ್ದೇ ಒಂದು ತಮಾಷೆ. ಮಿಮಿಕ್ರಿ ನನ್ನ ಚಟ. ಡಾಕ್ಟರ್ ಮೇಡಂ ಕನ್ನಡಕ ಏರಿಸಿ "ಹೂಂ, ಆಮೇಲೆ?" ಅನ್ನೋದು, ನಾನೇ ಮಹಾಜ್ಞಾನಿ ಥರ ತಲೆಯಾಡಿಸೋದು — ಎಲ್ಲ ಮಾಡ್ತಿದ್ದೆ. ಪೇಷೆಂಟುಗಳ ಕುಡಿದ ಅವತಾರಗಳನ್ನೂ ಅವರ ಮುಂದೆಯೇ ಮಾಡಿ ತೋರಿಸ್ತಿದ್ದೆ. ನಕ್ಕಮೇಲೆ ಅವರೂ ಮನಸ್ಸು ಬಿಚ್ಚಿ ಮಾತಾಡ್ತಿದ್ದರು, ಹಾಗಾಗಿ ಮೇಡಂ ತಡೆಯಲಿಲ್ಲ. ನನಗೂ ಒಂಚೂರು ಕೊಬ್ಬು ಬಂದಿತ್ತು — ಒಂಚೂರಲ್ಲ.

ಮುನಿರಾಜಣ್ಣ ಸೂಲಿಬೆಲೆ ಕಡೆಯವರು, ಡೇರಿಯ ಹಾಲಿನ ವ್ಯಾನ್ ಓಡಿಸ್ತಿದ್ದರು. ಊರಿನವರ ಕಣ್ಣಿಗೆ ಬೀಳಬಾರದು ಅಂತಲೇ ಇಷ್ಟು ದೂರ ಬಂದು ಸೇರಿದ್ದರು. ಎರಡನೇ ತಿಂಗಳಲ್ಲಿ ಒಂದು ದಿನ, ನನ್ನ ಕೋಣೆಯಲ್ಲಿ, ನೆಲ ನೋಡುತ್ತಾ ಹೇಳಿದರು. ಅವರ ತಮ್ಮ ಬೈಕಿನಿಂದ ಬಿದ್ದು ಸತ್ತಿದ್ದ. ಇಬ್ಬರೂ ಬೀಗರ ಊಟ ಮುಗಿಸಿ ಬರ್ತಿದ್ದರು. ಕುಡಿದು ಓಡಿಸಿ ಸತ್ತ ಅಂತ ಊರೆಲ್ಲ ಅಂದಿತ್ತು, ತಮ್ಮನ ಹೆಂಡತಿ ಮಂಜುಳಾ ಆ ಮಾತು ಕೇಳಿಕೊಂಡೇ ಮುನಿರಾಜಣ್ಣನ ಮನೆಯಲ್ಲೇ ಬದುಕ್ತಿದ್ದಳು. ಆದರೆ ತಮ್ಮ ಕುಡಿಯುವವನೇ ಅಲ್ಲ.

"ಗಾಡಿ ನಾನೇ ಓಡಿಸ್ತಿದ್ದೆ ಗುರು. ಅವ್ನು ಹಿಂದೆ ಕೂತಿದ್ದ."

ಮೂರು ತಿಂಗಳು ತುಂಬಲಿ, ನೆಟ್ಟಗೆ ನಿಲ್ಲೋ ಹಾಗಾಗಲಿ, ಮನೆಗೆ ಹೋಗಿ ಮಂಜುಳಂಗೆ ನಾನೇ ಹೇಳ್ತೀನಿ, ಅಲ್ಲಿವರೆಗೆ ನಿಮ್ಮ ಹೊಟ್ಟೆಯಲ್ಲಿರಲಿ ಅಂದರು. ಹೇಗೆ ಹೇಳಬೇಕು ಅಂತ ಇಬ್ಬರೂ ಕೂತು ಯೋಚಿಸಿದೆವು. ಆ ಮಾತಿಗಾಗಿಯೇ ಅವರು ಕುಡಿತ ಬಿಡ್ತಿದ್ದರು ಅಂತ ನನಗೆ ಗೊತ್ತಿತ್ತು.

ತಿಂಗಳಿಗೊಂದು ಭಾನುವಾರ ಮನೆಯವರು ಬರುವ ದಿನ. ಊಟಕ್ಕೆ ಮುಂಚೆ ನನ್ನ ಕಾರ್ಯಕ್ರಮ. ಆವತ್ತು ಅಡಿಗೆಮನೆಯ ಪಾಳಿ ಮುನಿರಾಜಣ್ಣನದು, ಒಳಗೆ ಮುದ್ದೆ ಕಟ್ಟುತ್ತಿದ್ದರು. ಮಂಜುಳಮ್ಮ ಭಾವನಿಗೆ ಅಂತ ಡಬ್ಬಿ ತುಂಬ ಕೋಡುಬಳೆ ತಂದು ಮೊದಲ ಸಾಲಿನಲ್ಲಿ ಕೂತಿದ್ದಳು. ನಾನು ಟವೆಲನ್ನು ತಲೆಗೆ ಸುತ್ತಿ, ಗಂಟಲು ಒರಟು ಮಾಡಿ, ಮುನಿರಾಜಣ್ಣ ಆದೆ. ಜನ ಬಿದ್ದು ಬಿದ್ದು ನಕ್ಕರು. ಹಿಂದಿನಿಂದ ಯಾರೋ "ಇನ್ನೊಂದ್ ಹೇಳ್ಸಪ್ಪಾ" ಅಂದರು.

ದನಿ ಹಿಡಿದಾಗ ಮಾತು ಅದರ ಹಿಂದೆಯೇ ಬರುತ್ತೆ, ನಾನು ಆರಿಸೋದಿಲ್ಲ — ಹೀಗಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆರಿಸದಿದ್ದರೂ ಆಡಿದವನು ನಾನೇ ತಾನೆ. ಗಾಡಿ ಓಡಿಸಿದ ಮಾತು, ತಮ್ಮ ಹಿಂದೆ ಕೂತಿದ್ದ ಮಾತು — ಅದೇ ರಾಗದಲ್ಲಿ, ಅದೇ ಉಸಿರಿನಲ್ಲಿ ಬಂದುಬಿಟ್ಟಿತು. ಕುಡುಕನ ಬಡಾಯಿ ಅಂದುಕೊಂಡು ಎಲ್ಲರೂ ನಕ್ಕರು. ಮಂಜುಳಮ್ಮ ಡಬ್ಬಿಯ ಮುಚ್ಚಳ ಹಾಕಿದಳು.

ಸಂಜೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದಳು.

"ಅಣ್ಣ, ಆ ಗಾಡಿ ಮಾತು ನೀವು ಕಟ್ಟಿದ್ದಾ, ನಮ್ಮ ಭಾವ ಹೇಳಿದ್ದಾ?"

ಕಟ್ಟಿದ್ದು ಕಣಮ್ಮ, ಸುಮ್ನೆ ತಮಾಷೆಗೆ — ಅಷ್ಟು ಅಂದಿದ್ದರೆ ಸಾಕಿತ್ತು. ಅದೂ ಸುಳ್ಳೇ, ಆದರೆ ಆ ಮಾತನ್ನು ಹೇಳುವ ಹಕ್ಕು ಮುನಿರಾಜಣ್ಣನ ಬಳಿಯೇ ಉಳಿಯುತ್ತಿತ್ತು. ನಾನು ದೊಡ್ಡ ಸಮಾಲೋಚಕನ ಹಾಗೆ ಮುಖ ಮಾಡಿ, ಪಾಠದಲ್ಲಿ ಕಲಿತ ನಿಯಮ ಒಪ್ಪಿಸಿದೆ.

"ಒಳಗೆ ಅವ್ರು ಹೇಳಿದ್ದನ್ನ ನಾವು ಹೊರಗೆ ಹೇಳಂಗಿಲ್ಲಮ್ಮ."

ಅವಳು ನನ್ನ ಮುಖ ನೋಡಿದಳು. "ಗೊತ್ತಾಯ್ತು ಬಿಡಿ" ಅಂತ ಹೇಳಿ ಬಸ್ಸಿನ ಕಡೆ ನಡೆದಳು. ಡಬ್ಬಿ ಅವಳ ಕೈಯಲ್ಲೇ ಇತ್ತು.

ಒಳಗೆ ಮುನಿರಾಜಣ್ಣ ಕೈ ಒರೆಸಿಕೊಳ್ಳುತ್ತಾ, ನನ್ನನ್ನೂ ಮಾಡಿದ್ರಂತೆ, ಚೆನ್ನಾಗಿತ್ತಾ ಅಂತ ಕೇಳಿದರು. ಚೆನ್ನಾಗಿತ್ತು ಅಂದೆ.

ಮಾರನೆಯ ಬೆಳಿಗ್ಗೆ ಮಂಜುಳಮ್ಮನ ಅಪ್ಪ, ಅಣ್ಣ ಇಬ್ಬರೂ ಬಂದರು. ಮನೆಯಲ್ಲಿ ಕೆಲಸ ಇದೆ, ಕರ್ಕೊಂಡ್ ಹೋಗ್ತೀವಿ ಅಂದರು. ಕೂರಿ ಅಂದರೂ ಕೂರಲಿಲ್ಲ, ಕೊಟ್ಟ ಟೀ ಮುಟ್ಟಲಿಲ್ಲ. ಮೇಡಂ ಊರಿನಲ್ಲಿರಲಿಲ್ಲ, ಬಿಡುಗಡೆಯ ಕಾಗದ ನನ್ನ ಮೇಜಿನ ಮೇಲಿತ್ತು. ಮುನಿರಾಜಣ್ಣ ಹಾಸಿಗೆಯ ಬೆಡ್‌ಶೀಟು ಮಡಿಸಿಟ್ಟು ಖುಷಿಯಿಂದ ಬಂದರು. ನನ್ನ ಕಿವಿಯ ಹತ್ತಿರ ಬಗ್ಗಿ, "ಅವ್ರಾಗೇ ಕರೀತಾವ್ರೆ ಗುರು. ಇವತ್ತೇ ಹೇಳ್ಬಿಡ್ಲಾ?" ಅಂದರು.

ಹೋಗಬೇಡಿ ಅನ್ನಬಹುದಿತ್ತು. ಮೇಡಂಗೆ ಒಂದು ಫೋನ್ ಮಾಡಬಹುದಿತ್ತು. ಮಂಜುಳಮ್ಮನಿಗೆ ಆಗಲೇ ಗೊತ್ತು, ಗೊತ್ತಾಗಿದ್ದು ನನ್ನಿಂದ — ಎಷ್ಟು ಚಿಕ್ಕ ವಾಕ್ಯ ನೋಡಿ. ನಾನು "ಹೂಂ" ಅಂದು ಸಹಿ ಹಾಕಿದೆ. ಕಾಗದದಲ್ಲಿ "ಮನೆಯವರ ಇಚ್ಛೆಯಂತೆ" ಅಂತ ಬರೆದೆ. ಮೇಡಂ ಬಂದು ಕೇಳಿದಾಗಲೂ ಅದನ್ನೇ ಹೇಳಿದೆ. ಗೇಟಿನಲ್ಲಿ ಅವರಿಬ್ಬರೂ ಮುನಿರಾಜಣ್ಣನನ್ನು ಮಧ್ಯದಲ್ಲಿಟ್ಟುಕೊಂಡು ನಡೆದರು. ಮುನಿರಾಜಣ್ಣ ಒಬ್ಬರೇ ಮಾತಾಡ್ತಿದ್ದರು.

ಹೋದವರಿಗೆ ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸೋದು ನಮ್ಮ ಪದ್ಧತಿ. ಮೊದಲ ವಾರ ಮಂಜುಳಮ್ಮ ಎತ್ತಿ, ಅವರು ಇಲ್ಲಿಲ್ಲ ಅಂದಳು. ಎರಡನೇ ವಾರದಿಂದ ಯಾರೂ ಎತ್ತಲಿಲ್ಲ. "ಸಂಪರ್ಕಕ್ಕೆ ಸಿಗಲಿಲ್ಲ" ಅಂತ ಬರೆದು ಬರೆದು ಫೈಲು ಮುಚ್ಚಿದೆ.

ಹೋದ ವಾರ ಸೂಲಿಬೆಲೆಯ ಒಬ್ಬರು ಬಂದು ಸೇರಿದರು. ಮುನಿರಾಜಣ್ಣ ಮನೆಯಲ್ಲಿ ಇದ್ದದ್ದು ಒಂದೇ ದಿನವಂತೆ. ಆಮೇಲೆ ಡೇರಿಯ ಹಿಂದೆ, ಹಾಲಿನ ಕ್ಯಾನು ತೊಳೆಯುವ ಕಟ್ಟೆಯ ಮೇಲೆ ಬೆಳಿಗ್ಗೆಯಿಂದಲೇ ಕುಡಿದು ಬಿದ್ದಿರ್ತಿದ್ದರಂತೆ. ಈಚೆಗೆ ಅಲ್ಲೂ ಯಾರೂ ನೋಡಿಲ್ಲವಂತೆ.

ನಿನ್ನೆ ಮೇಡಂ ಮುಂದೆ ಎಲ್ಲ ಹೇಳಿದೆ. ಬೈಯಲಿಲ್ಲ. ನನ್ನ ಕೋಣೆಯ ಕೀ ಇಸಿದುಕೊಂಡು ಡ್ರಾಯರ್‌ನಲ್ಲಿಟ್ಟರು. ನಾಳೆ ಬೆಳಿಗ್ಗೆ ಇಬ್ಬರೂ ಸೂಲಿಬೆಲೆಗೆ ಹೊರಡುತ್ತೇವೆ. ಮುನಿರಾಜಣ್ಣ ಸಿಕ್ಕರೆ, ಹೇಳಿದ್ದು ನಾನೇ ಅಂತ ಹೇಳಬೇಕು. ಸಿಗದಿದ್ದರೆ — ಆ ಮನೆಯ ಬಾಗಿಲು ತಟ್ಟಿ, ಆ ಮಾತನ್ನು ನಿಮಗೆ ತಾವೇ ಹೇಳಬೇಕು ಅಂತಲೇ ನಿಮ್ಮ ಭಾವ ಕುಡಿತ ಬಿಡ್ತಿದ್ದರು ಅಂತ ಮಂಜುಳಮ್ಮನಿಗೆ ಹೇಳಬೇಕು. ಅವಳು ಬಾಗಿಲು ಹಾಕಿಕೊಂಡರೆ ಹೊರಗೇ ನಿಲ್ಲುತ್ತೇನೆ.