ಮುತ್ಯಾನ ಎಡಗಾಲಿನ ಪದ

ಸಿಂದಗಿಯಲ್ಲಿ ಬಿ.ಎ. ಓದುವಾಗ ನಮ್ಮ ಕನ್ನಡದ ಸರ್ ವಾರಕ್ಕೆರಡು ಸಲ ಒಂದೇ ಮಾತು ಹೇಳುತ್ತಿದ್ದರು. "ಪಾದದಿಂದ ಪದ್ಯ ಬಂತು ನೋಡ್ರಿ. ಅದಕ್ಕ ನಾಕು ಕಾಲು. ಗದ್ಯಕ್ಕ ಕಾಲಿಲ್ಲ." ಅವರಂತೆಯೇ ಮೂಗು ತಿಕ್ಕಿ, ಕನ್ನಡಕ ಏರಿಸಿ, ಕ್ಯಾಂಟೀನಿನಲ್ಲಿ ಅದನ್ನೇ ಹೇಳಿ ನಾನು ಪುಕ್ಕಟೆ ಚಹಾ ಕುಡಿಯುತ್ತಿದ್ದೆ. "ನಾಕು ಕಾಲ ಎಮ್ಮಿಗೂ ಅದಾವಲ್ರಿ ಸರ್" ಎಂದು ನನ್ನ ಪೆದ್ದು ದನಿಯಲ್ಲಿ ಉತ್ತರವನ್ನೂ ನಾನೇ ಕೊಡುತ್ತಿದ್ದೆ.

ನನ್ನ ಇನ್ನೊಂದು ಐಟಂ ಎಂದರೆ ತಾಂಬಾದ ನಮ್ಮ ಮುತ್ಯಾ, ಅಪ್ಪನ ಅಪ್ಪ. ಮೊಹರಂ ಹೆಜ್ಜೆ ಮೇಳದಲ್ಲಿ ಮುಂದೆ ನಿಂತು ಪದ ಹೇಳುವವನು ಅವನು. ಇಂಡಿ, ಬಾಗೇವಾಡಿ ಕಡೆಯ ಮೇಳದವರೂ ನಿಂತು ಕೇಳುತ್ತಿದ್ದರು. ಸಣ್ಣವನಿದ್ದಾಗ ಕಾಲ ಮೇಲೆ ಚಕ್ಕಡಿ ಹಾದಿದ್ದರಿಂದ, ಎಲ್ಲರೂ ಕೂಡಿ ಕುಣಿಯುವಾಗ ಅವನ ಎಡಹೆಜ್ಜೆ ಒಂದು ಉಸಿರು ತಡ. ಆ ಕುಂಟು ನಡಿಗೆಯನ್ನು ನಾನು ಎಷ್ಟು ಚಂದ ಮಾಡುತ್ತಿದ್ದೆನೆಂದರೆ, ಅವನು ಚಪ್ಪಲಿ ಎಸೆಯುತ್ತಿದ್ದ.

ಹೋದ ವರ್ಷ ಮೊಹರಂ ಹತ್ತಿರ ಬಂದಾಗ ಮುತ್ಯಾ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡ. ಆಪರೇಶನ್ ಆಗಿ ಹೊರಸು ಹಿಡಿದು ಮಲಗಿದ. ಮೇಳದ ದೊಡ್ಡ ಪದವನ್ನು ಯಾರೂ ಬರೆದಿಟ್ಟಿರಲಿಲ್ಲ, ಅದು ಪೂರ್ತಿ ಬರುತ್ತಿದ್ದದ್ದು ಅವನೊಬ್ಬನಿಗೇ. ಮೇಳ ನಡೆಸುವ ಮಸೂತಿ ಓಣಿಯ ಮಾಮಾ ನೋಟ್‌ಬುಕ್ ಹಿಡಿದು ಬಂದರು.

"ಹೇಳ್ರಿ ಹಿರ್ಯಾರ, ಬರಕೊಂತೀನಿ."

"ತುಂಬಿದ ಹೊಳಿ ಕಂಡು..." ಎಂದ ಮುತ್ಯಾ, ಅಲ್ಲಿಗೇ ನಿಂತ. ಮತ್ತೆ ಶುರು ಮಾಡಿದ, ಮತ್ತೆ ಅಲ್ಲಿಗೇ. ನಾನು ಹುಟ್ಟುವ ಮೊದಲಿನಿಂದ ಹಾಡಿದ ಬಾಯಿ ಖಾಲಿಯಾಗಿತ್ತು. ಬಿದ್ದ ದಿನವೂ ಅವನ ಕಣ್ಣಲ್ಲಿ ಅಂಥ ಹೆದರಿಕೆ ಕಂಡಿರಲಿಲ್ಲ.

"ಅದು ಕಾಲಾಗ ಇತ್ತಪಾ," ಎಂದ. "ಬಾಯಾಗ ಇರಲಿಲ್ಲ."

ನನಗೆ ಸರ್ ನೆನಪಾದರು, ಎಮ್ಮೆಯೂ. ಎದ್ದು ಹೊರಸಿನ ಮುಂದೆ ಮರ್ಯಾದೆಯಿಂದ ಹೆಜ್ಜೆ ಹಾಕಿದೆ, ಎರಡೂ ಕಾಲು ಸಮ. ಅವನ ತುಟಿ ಅಲುಗಲಿಲ್ಲ.

"ಅದ್ಯಾರ ನಡಿಗಿನೋ? ದಿನಾ ನನ್ನ ಚ್ಯಾಷ್ಟಿ ಮಾಡ್ತಿದ್ದೆಲ್ಲ ಮಂಗ್ಯಾ, ಹಂಗ ನಡಿ."

ಮಾಮಾನ ಮುಂದೆ ಅವನಂತೆ ಕುಂಟಲು ಮೊದಲ ಸಲ ನಾಚಿಕೆಯಾಯಿತು. ಆದರೂ ಎಡಗಾಲು ಎಳೆದೆ.

"ತುಂಬಿದ ಹೊಳಿ ಕಂಡು," ಎಂದವನು ನನ್ನ ಎಡಗಾಲು ನೆಲ ಮುಟ್ಟುವವರೆಗೂ ತಡೆದು, "ತುಟಿ ಒಣಗಿ ನಿಂತಾನೊ" ಎಂದ.

ಆ ತಡವನ್ನು ನಾನು ಕಾಲಿನ ಊನ ಎಂದುಕೊಂಡು ಊರೆಲ್ಲ ನಗಿಸಿದ್ದೆ. ಪದ ಉಸಿರು ತೆಗೆದುಕೊಳ್ಳುತ್ತಿದ್ದದ್ದೇ ಅಲ್ಲಿ. ನಾನು ನಿಂತರೆ ಪದ ನಿಲ್ಲುತ್ತಿತ್ತು, ಕುಂಟಿದರೆ ಮುಂದಿನ ಸಾಲು ಬರುತ್ತಿತ್ತು. ಹನ್ನೊಂದೂ ನುಡಿ ಮುಗಿಯುವಷ್ಟರಲ್ಲಿ ನನ್ನ ಸೊಂಟ ಹಿಡಿದಿತ್ತು.

ಮಾಮಾ ಬರೆದದ್ದನ್ನು ಓದಿ ನೋಡಿದರು. ಅಕ್ಷರಗಳೆಲ್ಲ ಇದ್ದವು, ಪದ ಮಾತ್ರ ಏಳಲೊಲ್ಲದು. ನೋಟ್‌ಬುಕ್ ಮುಚ್ಚಿದರು.

"ಇದು ಓದಿ ಹಾಡೂದಲ್ರಿ ಹಿರ್ಯಾರ. ಈ ಸಲ ಮುಂದ ನಿಂತು ಕುಂಟವ ಯಾರು?"

ಇಬ್ಬರೂ ನನ್ನ ಕಾಲು ನೋಡಿದರು.