ವಾರಗಿತ್ತಿಗೆ ತೆಗೆದ ಎಲೆ

ತೊಂಬತ್ತರ ದಶಕದ ಮೊದಲಲ್ಲಿ ನನ್ನ ತಮ್ಮ ಬೆಂಗಳೂರಿನ ಪುಸ್ತಕದಂಗಡಿಯಿಂದ ಒಂದು ಟ್ಯಾರೋ ಕಟ್ಟು ತಂದುಕೊಟ್ಟ. ಚಿತ್ರವಿರುವ ಎಪ್ಪತ್ತೆಂಟು ಎಲೆ, ಜೊತೆಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವ ಸಣ್ಣ ಪುಸ್ತಕ. ಶಿಡ್ಲಘಟ್ಟದ ಮನೆಯಲ್ಲಿ ನಮ್ಮತ್ತೆ ಅದನ್ನು ಇಸ್ಪೀಟು ಅಂದುಕೊಂಡು, "ಹೆಂಗಸ್ರು ಆಡೋ ಆಟಾನೇನಮ್ಮ ಇದು?" ಅಂದರು. ಭವಿಷ್ಯ ಹೇಳುವ ಎಲೆ ಅಂದ ಮೇಲೆ ಅಡ್ಡಿ ಮಾಡಲಿಲ್ಲ.

ಆ ಮನೆಯಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ. ಮಧ್ಯಾಹ್ನ ಅಡುಗೆಮನೆ ತೊಳೆದಾದ ಮೇಲೆ ದಿನಕ್ಕೊಂದು ಎಲೆ ತೆಗೆದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಅರ್ಥ ಬರೆದುಕೊಳ್ಳುತ್ತಿದ್ದೆ. ಎಲೆ ನೆಟ್ಟಗೆ ಬಂದರೆ ಒಂದರ್ಥ, ತಲೆಕೆಳಗಾಗಿ ಬಂದರೆ ಅದಕ್ಕೆ ವಿರುದ್ಧ. ಹೊಸದರಲ್ಲಿ ಎಲೆಗಳು ಕೈಯಿಂದ ಜಾರಿ ಬೀಳುತ್ತಿದ್ದವು. ಮೂರು ತಿಂಗಳಿಗೆ ಅಂಚು ಮೆತ್ತಗಾಗಿ ಕೈಗೆ ಹೊಂದಿಕೊಂಡವು. ಬೀದಿಯ ಹೆಂಗಸರು ಬಂದು ಕೇಳತೊಡಗಿದರು. ನಾನು ಪುಸ್ತಕ ತಿರುವಿ, ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದೆ.

ನನ್ನ ವಾರಗಿತ್ತಿ, ಮೈದುನನ ಹೆಂಡತಿ, ಚಿಂತಾಮಣಿ ಕಡೆಯವಳು. ಓದಿದ್ದು ಎಸ್ಸೆಸ್ಸೆಲ್ಸಿ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಒಂದು ದಿನ, ಗಂಡನ ಆಪರೇಷನ್ನಿಗೆ ಹೆದರಿದ್ದ ಎದುರುಮನೆಯಾಕೆಗೆ ಮರಕ್ಕೆ ತಲೆಕೆಳಗಾಗಿ ನೇತಾಡುವ ಮನುಷ್ಯನ ಎಲೆ ಬಂತು. ಪುಸ್ತಕದಲ್ಲಿ ತ್ಯಾಗ, ಸಮರ್ಪಣೆ ಅಂತ ಏನೇನೋ ಇತ್ತು. ನಾನು ಅದನ್ನು ಕನ್ನಡಕ್ಕೆ ಎಳೆದು ತರುವಷ್ಟರಲ್ಲಿ ಇವಳು ಇಣುಕಿ ನೋಡಿದಳು.

"ಅಯ್ಯಯ್ಯೋ, ಹುಣಸೆಮರ ಹತ್ತಿದೋನು ಕಣಕ್ಕ! ಕಾಲು ಸಿಕ್ಕಾಕ್ಕೊಂಡಿದೆ. ಆದ್ರೂ ಮುಖದಲ್ಲಿ ಭಯಾನೇ ಇಲ್ಲ ನೋಡಿ. ಯಾರಾದ್ರೂ ಬಂದು ಇಳಿಸ್ತಾರೆ ಅಂತ ಗೊತ್ತು ಅವನಿಗೆ."

ಎದುರುಮನೆಯಾಕೆ ಕಣ್ಣೊರೆಸಿಕೊಂಡು ನಕ್ಕಳು.

ಅಲ್ಲಿಂದಾಚೆಗೆ ಬಂದವರೆಲ್ಲ ಹೊಸ್ತಿಲಲ್ಲೇ, "ಚಿಕ್ಕ ಸೊಸೆ ಇಲ್ವಾ?" ಅನ್ನತೊಡಗಿದರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗಾಯಿತು. ಎಲೆ ನನ್ನದು, ಡಿಕ್ಷನರಿ ನನ್ನದು, ಕಣ್ಣು ನೋಯಿಸಿಕೊಂಡವಳು ನಾನು. ಹೆಸರು ಮಾತ್ರ ಅವಳಿಗೆ. ಹೊಟ್ಟೆ ಉರಿಯುತ್ತಿತ್ತು, ಈಗ ಮುಚ್ಚಿಟ್ಟು ಏನು ಪ್ರಯೋಜನ. ಅವಳು ಮಾಡಿದ ಸಾರಿಗೆ ಉಪ್ಪು ಜಾಸ್ತಿ ಅಂದೆ. ಉಪ್ಪು ಸರಿಯಾಗೇ ಇತ್ತು.

ಆಗಲೇ ಪಕ್ಕದ ಬೀದಿಯ ಅಂಗನವಾಡಿಗೆ ಟೀಚರ್ ಬೇಕೆಂದು ಅರ್ಜಿ ಕರೆದರು. ಇವಳಿಗೆ ಅದರ ಮೇಲೇ ಜೀವ. ಮೈದುನ, "ನಿನ್ನಿಷ್ಟ," ಅಂದಿದ್ದ. ಅರ್ಜಿ ಹಾಕಲು ಇನ್ನೆರಡೇ ದಿನ ಉಳಿದಾಗ ನನ್ನೆದುರು ಬಂದು ಚಕ್ಕಲುಮಕ್ಕಲು ಹಾಕಿ ಕೂತಳು.

"ನಂದು ನಾನೇ ನೋಡ್ಕೋಬಾರದು ಅಲ್ವಾ ಅಕ್ಕ? ನೀವೇ ತೆಗೀರಿ. ಅರ್ಜಿ ಹಾಕ್ಲಾ?"

ತೆಗೆದೆ. ಸೂರ್ಯನ ಎಲೆ, ಕುದುರೆಯ ಮೇಲೆ ಕೈ ಚಾಚಿ ಕೂತ ಮಗು. ಆ ಕಟ್ಟಿನಲ್ಲಿ ಅದಕ್ಕಿಂತ ಒಳ್ಳೆಯ ಎಲೆಯಿಲ್ಲ. ನನ್ನ ಕಡೆಗೆ ನೆಟ್ಟಗಿತ್ತು. ಎದುರು ಕೂತ ಅವಳಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಎಲೆ ತೆಗೆದು ಓದುವವರ ಕಡೆಯಿಂದಲೇ ನೋಡಬೇಕು ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

"ತಲೆಕೆಳಗಾಗಿ ಬಂದಿದೆಯಲ್ಲಮ್ಮ," ಅಂದೆ. "ಈಗ ಬೇಡ ಅಂತಿದೆ."

ಅವಳು ಕತ್ತು ಓರೆಮಾಡಿ ನೋಡಿದಳು. "ಮಗು ನಗ್ತಾ ಇದೆಯಲ್ಲಕ್ಕ?"

"ಪುಸ್ತಕದಲ್ಲಿ ಹಂಗಿಲ್ಲ."

ಅವಳು ಅರ್ಜಿ ಹಾಕಲಿಲ್ಲ. ಆ ಕೆಲಸ ಅವಳಿಗಿಂತ ಕಡಿಮೆ ಅಂಕದ ಹುಡುಗಿಗೆ ಸಿಕ್ಕಿತು. ಇವಳು ಎಲೆ ನೋಡುವುದನ್ನೂ ಬಿಟ್ಟಳು. ಕೇಳಲು ಬಂದವರಿಗೆ, "ನಂದೆಲ್ಲ ಬಾಯಿಗೆ ಬಂದ ಮಾತು ಕಣ್ರೀ. ಕೆಟ್ಟ ಎಲೇನೇ ಒಳ್ಳೇದು ಅಂದ್ಕೊಂಡ್ಬಿಟ್ಟಿದ್ದೆ. ನಮ್ಮಕ್ಕ ಓದಿದೋರು, ನನ್ನನ್ನ ಉಳಿಸಿದ್ರು. ಅವರನ್ನೇ ಕೇಳಿ," ಅನ್ನುತ್ತಿದ್ದಳು.

ಹೆಂಗಸರು ಮತ್ತೆ ನನ್ನೆದುರು ಕೂತರು. ನನಗೆ ಬೇಕಾಗಿದ್ದು ಸಿಕ್ಕಿತು. ಆದರೆ ಹೊಟ್ಟೆಕಿಚ್ಚು ಹೋಗಲಿಲ್ಲ. ಅವಳು ನನ್ನನ್ನು ನಂಬಿದ ಹಾಗೆ ನಾನು ಯಾರನ್ನೂ ನಂಬಿದವಳಲ್ಲ. ಆ ನಂಬಿಕೆ ಕಂಡು ಕೂಡ ನನ್ನ ಹೊಟ್ಟೆ ಉರಿಯಿತು.