ಟೈಪಿಂಗ್ ಮೇಷ್ಟ್ರ ಟ್ರಾಮು

ಒಳ ಅಂಚಿನಿಂದ ಒಳ ಅಂಚಿಗೆ ಹದಿನಾರೂವರೆ ಮಿಲಿಮೀಟರ್. ಅಳೆಯುವ ಅಗತ್ಯವೇನೂ ಇರಲಿಲ್ಲ. ಆದರೂ ಸ್ಕೇಲ್ ಇಟ್ಟು ನೋಡಿದೆ. ಆಟಿಕೆ ರೈಲಿನ ಗೇಣುದ್ದದ ಹಳಿಯ ತುಂಡು. ಕಪ್ಪು ಪ್ಲಾಸ್ಟಿಕ್ಕಿನ ಅಡ್ಡಪಟ್ಟಿಗಳ ಮೇಲೆ ಕಡ್ಡಿಯಷ್ಟು ಸಣ್ಣ ಎರಡು ಲೋಹದ ಗೆರೆಗಳು. ಮೂಗಿನ ಹತ್ತಿರ ಹಿಡಿದಾಗ ಮೆಷಿನ್ ಎಣ್ಣೆ, ಸ್ಪಿರಿಟ್ಟು, ಟೈಪ್‌ರೈಟರ್ ರಿಬ್ಬನ್ನಿನ ಶಾಯಿ, ಮೂರೂ ಬೆರೆತ ವಾಸನೆ ಬಂತು.

ಅದು ಬಂದದ್ದು ಜಯಪುರದಿಂದ, ಬಸ್ಸಿನಲ್ಲಿ. ನಮ್ಮ ಕಡೆ ಸಾಮಾನು ಕಳಿಸುವುದು ಹಾಗೆಯೇ. ಕಂಡಕ್ಟರ್ ಕೈಗೆ ಕೊಟ್ಟು, ಇಳಿಸಿಕೊಳ್ಳಬೇಕಾದವರಿಗೆ ಬಸ್ಸಿನ ಹೆಸರು ಹೇಳಿ ಫೋನ್ ಮಾಡಿದರೆ ಆಯಿತು. ನಾನು ಪಾಠ ಹೇಳುವ ಕಾಲೇಜು ಶೃಂಗೇರಿಯಲ್ಲಿದೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತು, ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆಯನ್ನು ಇಳಿಸಿಕೊಂಡೆ. “ಅಲ್ಲಾಡಿಸ್ಬೇಡಿ ಅಂತ ಹತ್ತು ಸಲ ಹೇಳಿದಾರೆ. ಎಂತ ಉಂಟು ಮೇಡಂ ಒಳಗೆ, ಮೊಟ್ಟೆಯಾ?” ಎಂದ ಕಂಡಕ್ಟರ್. ನಕ್ಕು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಟೆ.

ಪೆಟ್ಟಿಗೆಯಲ್ಲಿ ಒಂದು ಎಂಜಿನ್, ಮೂರು ಬೋಗಿ, ವೇಗ ಹೆಚ್ಚುಕಡಿಮೆ ಮಾಡುವ ನಾಬಿನ ಕಂಟ್ರೋಲರ್, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಹಳಿಗಳು, ಮೇಲೆ ಒಂದು ಚೀಟಿ. ಟೈಪಿಂಗ್ ಮೇಷ್ಟ್ರ ಮಗಳು ಬರೆದದ್ದು. ಅಪ್ಪನ ವರ್ಷಾಂತಿಕ ಮುಗಿಯಿತೆಂದೂ, ಇದು ನಿಮಗೇ ಸೇರಬೇಕೆಂದು ಅವರು ಹೇಳಿದ್ದರೆಂದೂ, ತಮ್ಮ ಕೈಯಲ್ಲಿ ಇದು ಓಡಲಿಲ್ಲವೆಂದೂ ಇತ್ತು. ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಗೊತ್ತಾದಾಗ ಹತ್ತು ದಿನ ಕಳೆದಿತ್ತು. ಪರೀಕ್ಷೆಯ ಕೆಲಸ ಮುಗಿಸಿ ಹೋಗಿ ಬರೋಣ ಎಂದುಕೊಂಡೆ. ಆಮೇಲೆ ಹೋಗಲೇ ಇಲ್ಲ…

ಪಿಯುಸಿ ಪರೀಕ್ಷೆ ಬರೆದ ಬೇಸಿಗೆಯಲ್ಲಿ ನಾನು ಟೈಪಿಂಗ್ ಕ್ಲಾಸಿಗೆ ಸೇರಿದೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ. ಒಂದು ಕಾಲಕ್ಕೆ ಅಲ್ಲಿ ಹನ್ನೆರಡು ಮೆಷಿನ್ ಇದ್ದವಂತೆ. ನಾನು ಹೋಗುವಷ್ಟರಲ್ಲಿ ನಾಲ್ಕು ಉಳಿದಿದ್ದವು, ಕಲಿಯುವವರು ಐದು ಜನ. ಖಾಲಿಯಾದ ಮೇಜುಗಳನ್ನು ಮೇಷ್ಟ್ರು ಕಿಟಕಿಯ ಗೋಡೆಗುಂಟ ಸಾಲಾಗಿ ಜೋಡಿಸಿ ಅವುಗಳ ಮೇಲೆ ರೈಲು ಹಾಕಿದ್ದರು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಸ್ನೇಹಿತರೊಬ್ಬರು ಊರಿಗೆ ಬಂದಾಗಲೆಲ್ಲ ಒಂದೊಂದು ತಂದುಕೊಟ್ಟಿದ್ದರಂತೆ. ಇಪ್ಪತ್ತು ವರ್ಷದಲ್ಲಿ ಮೂರು ಎಂಜಿನ್, ಹನ್ನೊಂದು ಬೋಗಿ ಸೇರಿದ್ದವು. ರೈಲು ನಿಲ್ದಾಣವೇ ಇಲ್ಲದ ಊರಿನಲ್ಲಿ ಅದೊಂದು ವಿಚಿತ್ರ.

ಕೆಳಗಿನ ಜೆರಾಕ್ಸ್ ಅಂಗಡಿಯವರು ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು: “ಮೇಷ್ಟ್ರೇ, ಸರ್ಕಾರದವ್ರು ತರ್ಲಿಲ್ಲ, ಕೊಪ್ಪಕ್ಕೆ ನೀವಾದ್ರೂ ರೈಲು ತಂದ್ರಲ್ಲ ಮಾರಾಯ್ರೆ!”

“ಟಿಕೆಟ್ ಇಲ್ದೆ ಪ್ಲಾಟ್‌ಫಾರಮ್ಮಿಗೆ ಬರ್ಬೇಡ,” ಎಂದು ಮೇಷ್ಟ್ರು ಮೇಲಿಂದಲೇ ಉತ್ತರಿಸುತ್ತಿದ್ದರು.

ಅವರು ಕಟ್ಟುತ್ತಿದ್ದದ್ದು ಯಾವುದೋ ದೇಶದ ರೈಲಲ್ಲ, ನಮ್ಮದೇ ಹಳೆಯ ಟ್ರಾಮು. ಸ್ವಾತಂತ್ರ್ಯಕ್ಕೆ ಮೊದಲು ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಒಂದು ಸಣ್ಣ ರೈಲು ಬರುತ್ತಿತ್ತು. ಜನ ಅದನ್ನು ಟ್ರಾಮು ಎಂದೇ ಕರೆಯುತ್ತಿದ್ದರು. ಹಳಿ ಕಿತ್ತು ಎಷ್ಟೋ ಕಾಲವಾಗಿತ್ತು. ಮೇಷ್ಟ್ರು ಎಂಜಿನ್ನಿನ ಮೇಲಿನ ಕವಚ ತೆಗೆದು, ತೆಳು ತಗಡಿನಲ್ಲಿ ಬೇರೆ ಮೈ ಮಾಡಿ ಕೂರಿಸಿದ್ದರು. ಬೋಗಿಗಳನ್ನು ರಟ್ಟಿನಲ್ಲಿ ಕತ್ತರಿಸಿದ್ದರು. ರಿಬ್ಬನ್ನಿನ ದುಂಡು ಡಬ್ಬಿ ನೀರಿನ ಟ್ಯಾಂಕಾಗಿತ್ತು. ಸಾಲಿನ ಎಡತುದಿ ತರೀಕೆರೆ, ಬಲತುದಿ ನರಸಿಂಹರಾಜಪುರ. ಅಳತೆ ಪೂರ್ತಿ ಸರಿಯಿಲ್ಲವೆಂದು ಅವರಿಗೂ ಗೊತ್ತಿತ್ತು. “ನೋಡಿದವರು ಹೌದು ಅಂದ್ರೆ ಸಾಕು,” ಎನ್ನುತ್ತಿದ್ದರು.

ಅವರಿಗೆ ಗೊತ್ತಿದ್ದವರಲ್ಲಿ ಆ ಹಳೆಯ ಟ್ರಾಮನ್ನು ನೋಡಿ ಇನ್ನೂ ಉಳಿದಿದ್ದವರು ಒಬ್ಬರೇ, ನರಸಿಂಹರಾಜಪುರದಲ್ಲಿದ್ದ ಅವರ ದೊಡ್ಡಮ್ಮ. ಎಂಬತ್ತು ದಾಟಿದವರು. ಚಿಕ್ಕಂದಿನಲ್ಲಿ ತಂದೆಯ ಜೊತೆ ಟ್ರಾಮಿನಲ್ಲಿ ಓಡಾಡಿದ್ದರು. ತೀರಿಹೋದ ಗಂಡನ ಪೆನ್ಷನ್ ಕೊಪ್ಪದ ಬ್ಯಾಂಕಿಗೆ ಬರುತ್ತಿದ್ದುದರಿಂದ ಪ್ರತಿ ನವೆಂಬರಿನಲ್ಲಿ, “ನಾ ಇನ್ನೂ ಇದೀನಿ ಅಂತ ತೋರ್ಸಿ ಬರ್ತೆ” ಎಂದು ಬಸ್ಸು ಹತ್ತಿ ಬರುತ್ತಿದ್ದರು. ನಾನು ಡಿಗ್ರಿಗೆ ಸೇರಿದ ವರ್ಷದ ನವೆಂಬರಿನಲ್ಲಿ ಬಂದಾಗ ಮೇಷ್ಟ್ರು ಅವರನ್ನು ಮಹಡಿಗೆ ಕರೆತಂದರು. ನಾಲ್ಕು ಗಂಟೆಯ ಕ್ಲಾಸಿನಲ್ಲಿ ನಾನೊಬ್ಬಳೇ ಇದ್ದೆ.

ಮೇಷ್ಟ್ರು ಸ್ವಿಚ್ ಹಾಕಿ ನಾಬ್ ತಿರುಗಿಸಿದರು. ಎಂಜಿನ್ ಒಮ್ಮೆ ಜಿಗಿದು, ಮೂರು ಬೋಗಿಗಳನ್ನೂ ಎಳೆದುಕೊಂಡು ನಾಲ್ಕು ಸೆಕೆಂಡಿನಲ್ಲಿ ನರಸಿಂಹರಾಜಪುರ ತಲುಪಿ ಕೊನೆಯ ಕಟ್ಟೆಗೆ ಡಿಕ್ಕಿ ಹೊಡೆಯಿತು.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಇದೆಂತ ಮಾಣಿ! ಬೆಕ್ಕು ಅಟ್ಟಿಸ್ಕೊಂಡ್ ಬಂದ ಇಲಿ ಥರ ಓಡ್ತಲ!” ಅರವತ್ತೈದರ ಮೇಷ್ಟ್ರು ಅವರಿಗೆ ಇನ್ನೂ ಮಾಣಿಯೇ.

“ಹಂಗಾರೆ ಹೆಂಗಿತ್ತು ದೊಡ್ಡಮ್ಮ?”

“ಕಿಟಕಿಯಾಗೆ ಕೂತ್ರೆ ಒಂದೊಂದೇ ಮರ ಎಣಸ್ಬಹುದಿತ್ತು. ಏರು ಬಂದಾಗ ಅಪ್ಪಯ್ಯ ಕೆಳಗಿಳಿದು, ಎಲೆಅಡಿಕೆ ಕವಳ ಹಾಕ್ಕೊಂಡು, ಜೊತೆಗೇ ನಡ್ಕೊಂಡ್ ಬಂದು ಮತ್ತೆ ಹತ್ತಿದ್ದ. ನಿನ್ನ ಈ ರೈಲಿಗೆ ಹತ್ತೋದು ಹೆಂಗೆ? ಇದು ನಮ್ಮ ಟ್ರಾಮಲ್ಲ ತಗ.”

ನಿಲ್ದಾಣದ ಹೆಂಚು, ನೀರಿನ ಟ್ಯಾಂಕು, ಬೋಗಿಯ ಕಿಟಕಿ ಯಾವುದರ ಬಗ್ಗೆಯೂ ಅವರು ಏನೂ ಹೇಳಲಿಲ್ಲ. ಅವರಿಗೆ ವೇಗ ಒಂದೇ ಮುಖ್ಯವಾಗಿತ್ತು. ಅವರನ್ನು ಬಸ್ಸು ಹತ್ತಿಸಿ ಬಂದ ಮೇಷ್ಟ್ರು ಕ್ಯಾಲೆಂಡರಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರು. “ಮುಂದಿನ ನವೆಂಬರಿನೊಳಗೆ ನಿಧಾನ ಓಡ್ಬೇಕು. ಅವ್ರಿಗೆ ಎಂಬತ್ತ್ನಾಕು,” ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಪುಟ್ಟ ರೈಲನ್ನು ಜೋರಾಗಿ ಓಡಿಸುವುದು ಸುಲಭ, ನಿಧಾನವಾಗಿ ಓಡಿಸುವುದೇ ಕಷ್ಟ ಎಂದು ನಾನು ಕಲಿತದ್ದು ಆ ವರ್ಷ. ಕರೆಂಟು ಹಳಿಯಿಂದ ಚಕ್ರಕ್ಕೆ ಬರಬೇಕು. ಜೋರಾಗಿ ಹೋದರೆ ಕೊಳೆಯ ಚುಕ್ಕೆಗಳನ್ನು ಹಾರಿಹೋಗುತ್ತದೆ. ನಿಧಾನವಾದರೆ ಪ್ರತಿ ಚುಕ್ಕೆಯಲ್ಲೂ ನಿಲ್ಲುತ್ತದೆ. ಮಳೆಗಾಲದಲ್ಲಿ ಒಂದೇ ರಾತ್ರಿಗೆ ಹಳಿ ಮಂಕಾಗುತ್ತಿತ್ತು. ಟೈಪಿಂಗಿನ ತಪ್ಪು ಅಳಿಸುವ ಗರಗರ ರಬ್ಬರಿನಿಂದ ಹಳಿ ಉಜ್ಜಿ, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಬೇಕಿತ್ತು. ಹಳಿಗಳ ಜೋಡಣೆಯಲ್ಲಿ ತುಕ್ಕು ಹಿಡಿಯುತ್ತದೆಂದು ಪ್ರತಿ ತುಂಡಿಗೂ ಬೇರೆ ವೈರು ಕೊಟ್ಟೆವು. ಬೆಸುಗೆ ಹಾಕಿದ್ದೆಲ್ಲ ನಾನೇ. ಮೇಷ್ಟ್ರು ಪಕ್ಕದಲ್ಲಿ ನಿಂತು ಹೇಳುತ್ತಿದ್ದರು, ಕೈ ಹಾಕುತ್ತಿರಲಿಲ್ಲ.

ಅದೇಕೆಂದು ಗೊತ್ತಾಗಲು ನನಗೆ ತಿಂಗಳುಗಳೇ ಬೇಕಾದವು. ಅವರು ನಮ್ಮೆದುರು ಟೈಪ್ ಮಾಡಿ ತೋರಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ. ಬಾಯಲ್ಲಿ ಅಕ್ಷರ ಹೇಳುತ್ತಿದ್ದರು, ನಾವು ಒತ್ತುತ್ತಿದ್ದೆವು. ಕಾಫಿ ಲೋಟ ತುಂಬಿರುವಾಗ ಎತ್ತುತ್ತಿರಲಿಲ್ಲ; ಬಾಗಿ ಎರಡು ಗುಟುಕು ಕುಡಿದು ಆಮೇಲೆ ಎತ್ತುತ್ತಿದ್ದರು. ಬಲಗೈ ಸದಾ ಜುಬ್ಬಾದ ಜೇಬಿನಲ್ಲಿರುತ್ತಿತ್ತು… ಒಂದು ಸಂಜೆ ನಾನು ಮರೆತ ಛತ್ರಿಗೆಂದು ಹಿಂತಿರುಗಿದಾಗ ಅವರು ಒಬ್ಬರೇ ನಾಬ್ ಹಿಡಿದು ಕೂತಿದ್ದರು. ಬೆರಳು ನಡುಗುತ್ತಿತ್ತು, ನಡುಗಿದಂತೆಲ್ಲ ಎಂಜಿನ್ ಜಿಗಿದು ನಿಲ್ಲುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಮತ್ತೆ ತಿರುಗಿಸಿದರು. ಮತ್ತೆ ಜಿಗಿಯಿತು. ಹಳಿ ಅಂದು ಚೊಕ್ಕವಾಗಿಯೇ ಇತ್ತು, ನಾನೇ ಉಜ್ಜಿದ್ದೆ. ಛತ್ರಿ ತೆಗೆದುಕೊಳ್ಳದೆ ಮಳೆಯಲ್ಲೇ ಮನೆಗೆ ಹೋದೆ.

ಬಚ್ಚಿಟ್ಟುಕೊಂಡದ್ದನ್ನು ಯಾರಾದರೂ ಕಂಡರೆ ಹೇಗಾಗುತ್ತದೆಂದು ನನಗೆ ಗೊತ್ತಿತ್ತು. ಹಾಗಾಗಿ ಏನೂ ಕೇಳಲಿಲ್ಲ. ಮಾರನೆಯ ದಿನ ಮಾತ್ರ, “ಸರ್, ನಾನೊಂದು ಸಲ ಓಡಿಸಿ ನೋಡ್ಲಾ?” ಎಂದೆ. ಅವರು ನನ್ನನ್ನೇ ನೋಡಿದರು. “ಕೀ ಒತ್ತುವಂತೆಯೇ. ನಾಬ್ ನೋಡ್ಬೇಡ, ರೈಲು ನೋಡು,” ಎಂದರು. ಅಷ್ಟೇ.

ಆಮೇಲೆ ದಿನವೂ ಕ್ಲಾಸು ಮುಗಿದ ಮೇಲೆ ಅರ್ಧ ಗಂಟೆ. ಎಡತುದಿಯಿಂದ ಬಲತುದಿಗೆ ಹದಿನೈದು ಸೆಕೆಂಡು, ಮೂವತ್ತು, ಅರವತ್ತು… ಮೊದಲು ಚೂರು ಹೆಚ್ಚು ಕೊಟ್ಟು, ಚಕ್ರ ಅಲುಗಿದೊಡನೆ ಕೂದಲೆಳೆಯಷ್ಟು ಹಿಂದಕ್ಕೆ. ಅಕ್ಟೋಬರ್ ಕೊನೆಯಲ್ಲಿ ಒಂದು ಸಂಜೆ ಎರಡು ನಿಮಿಷದ ಮೇಲೆ ಹತ್ತು ಸೆಕೆಂಡು ಹಿಡಿಯಿತು, ಎಲ್ಲೂ ನಿಲ್ಲಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಹೊತ್ತು ನಾನು ಬೇರೇನನ್ನೂ ಯೋಚಿಸದೆ ಕೂತದ್ದಿಲ್ಲ. ತುಂಬ ಸುಖವಾಗಿತ್ತು.

ದೊಡ್ಡಮ್ಮ ಬರುವ ಹಿಂದಿನ ದಿನ ಮೇಷ್ಟ್ರು ಕಂಟ್ರೋಲರ್ ಪೆಟ್ಟಿಗೆಯನ್ನು ಮೇಜಿನ ಕೆಳಗೆ ಇಡಿಸಿ, ಮುಂದೆ ಬಟ್ಟೆ ಇಳಿಬಿಟ್ಟರು. ಸ್ವಿಚ್ ಒಂದು ಮೇಲೆಯೇ ಉಳಿಯಿತು. ಕಾರಣ ಹೇಳಲಿಲ್ಲ. ನಾನು ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂತರೆ ಕೈ ಯಾರಿಗೂ ಕಾಣುವುದಿಲ್ಲ, ಅವರು ಎದುರು ನಿಂತರೆ ಓಡಿಸುವವರು ಅವರೇ ಎಂದು ತೋರುತ್ತದೆ. ನಾನೂ ಒಪ್ಪಿದೆ.

ಅಜ್ಜಿ ಬಂದರು. ಆ ವರ್ಷ ಕೋಲು ಬಂದಿತ್ತು. ಕುರ್ಚಿಯಲ್ಲಿ ಕೂತು ಕಾಫಿ ಮುಗಿಸಿ, “ಹೂಂ, ನಿನ್ನ ಇಲಿ ಬಿಡು ನೋಡನ,” ಎಂದರು. ಮೇಷ್ಟ್ರು ಸ್ವಿಚ್ ಒತ್ತಿದರು. ನಾನು ರೈಲು ನೋಡಿದೆ, ನಾಬ್ ನೋಡಲಿಲ್ಲ.

ಅದು ಹೊರಟಿತು. ಹೊರಟದ್ದೇ ಗೊತ್ತಾಗದಂತೆ ಹೊರಟಿತು. ಮೊದಲ ಮೇಜು, ಎರಡನೆಯದು. ನಾವು ನೆಟ್ಟಿದ್ದ ಪಾಚಿಯ ಮರಗಳನ್ನು ಅಜ್ಜಿಯ ತುಟಿ ಒಂದೊಂದಾಗಿ ಎಣಿಸುತ್ತಿತ್ತು. ಮೂರನೆಯ ಮೇಜಿನ ಸಣ್ಣ ಏರಿನಲ್ಲಿ ಎಂಜಿನ್ ಇನ್ನೇನು ನಿಲ್ಲುತ್ತದೆ ಎನ್ನುವಂತಾಯಿತು. ನಾನು ಒಂದು ಕೂದಲೆಳೆ ಕೊಟ್ಟೆ. ಹತ್ತಿತು. ನರಸಿಂಹರಾಜಪುರದಲ್ಲಿ ಕಟ್ಟೆಗೆ ತಾಗದೆ ನಿಂತಿತು.

ಅಜ್ಜಿ ಕೋಲೂರಿ ಮುಂದಕ್ಕೆ ಬಗ್ಗಿದರು. “ಇಲ್ಲಿ… ಅಪ್ಪಯ್ಯ ಇಳಿದದ್ದು ಇಲ್ಲೇ,” ಎಂದು ಏರಿನ ಕಡೆ ಬೆರಳು ತೋರಿಸಿದರು. “ಈಗ ಸರಿಯಾತು ಮಾಣಿ. ನಿನ್ನ ಕೈ ಪಳಗಿತು.”

ಮೇಷ್ಟ್ರು ಹೂಂ ಎಂದರೆ ಮುಗಿಯುತ್ತಿತ್ತು. ಅವರು ಬಲಗೈಯನ್ನು ಜೇಬಿನಿಂದ ತೆಗೆದು ಅಜ್ಜಿಯ ಮುಂದೆ ಚಾಚಿದರು. ಅದು ನಡುಗುತ್ತಿತ್ತು. “ನನ್ನ ಕೈ ಅಲ್ಲ ದೊಡ್ಡಮ್ಮ. ಇದ್ರಲ್ಲಿ ಆಗ್ಲಿಲ್ಲ. ಓಡ್ಸಿದ್ದು ಈ ಹುಡುಗಿ.”

“ಗೊತ್ತು ಬಿಡಾ,” ಎಂದರು ಅಜ್ಜಿ. “ಲೋಟಕ್ಕೆ ನೀ ಬಗ್ಗಿದ್ದು ಹೋದ ವರ್ಷವೇ ನೋಡಿದ್ನಲ. ನನ್ನ ತಂಗಿಗೂ ಹಂಗೇ ಇತ್ತು. ಟ್ರಾಮಿನ ಯಜಮಾನ್ರೇನು ತಾವೇ ಎಂಜಿನ್ ಓಡಿಸ್ತಿದ್ರಾ? ಅದಕ್ಕೆ ಡ್ರೈವರು ಬೇರೆ ಇದ್ದ.” ನಂತರ ನನ್ನ ಕಡೆ ತಿರುಗಿ, “ಕೂಸೇ, ಎಂತಕ್ಕೆ ಕಳ್ಳರ ಥರ ಕೆಳಗೆ ಕೈ ಇಟ್ಕಂಡಿದೀಯ? ಮೇಲಿಡು, ನೋಡನ,” ಎಂದರು.

ಮೇಷ್ಟ್ರು ಬಟ್ಟೆ ಎಳೆದು ತೆಗೆದರು. ನಾನು ಪೆಟ್ಟಿಗೆಯನ್ನು ಮೇಲಿಟ್ಟು ವಾಪಸು ತರೀಕೆರೆಗೆ ಓಡಿಸಿದೆ. ಆಮೇಲೆ ಅಜ್ಜಿಯ ಹಟಕ್ಕೆ ಮತ್ತೆ ಮೂರು ಸಲ. ಕೊನೆಯ ಬಸ್ಸು ತಪ್ಪಿಹೋಗಿ, ಅಜ್ಜಿ ಆ ದಿನ ಕೊಪ್ಪದಲ್ಲೇ ಉಳಿದರು.

ಅದಾದ ಮೇಲೆ ಮೇಷ್ಟ್ರು ನಮ್ಮೆದುರೇ ಟೈಪ್ ಮಾಡತೊಡಗಿದರು. ಒಂದಕ್ಷರ ಒತ್ತಲು ಹೋಗಿ ಎರಡು ಬೀಳುತ್ತಿದ್ದವು. “ನನ್ನದು ಡಬಲ್ ಲೈನು,” ಎಂದು ನಗುತ್ತಿದ್ದರು. ಡಿಗ್ರಿ ಮುಗಿಯುವವರೆಗೂ ನಾನು ಅಲ್ಲಿಗೆ ಹೋದೆ. ಮುಂದೆ ಓದಲು ಊರು ಬಿಟ್ಟೆ, ಕೆಲಸಕ್ಕೆ ಸೇರಿದೆ. ಹಬ್ಬಕ್ಕೆ ಒಮ್ಮೆ ಫೋನ್ ಮಾಡುತ್ತಿದ್ದೆ, ಆಮೇಲೆ ಮೆಸೇಜು, ಆಮೇಲೆ ಅದೂ ಇಲ್ಲ. ಅಜ್ಜಿ ಯಾವ ವರ್ಷ ಹೋದರೆಂದು ನನಗೆ ಗೊತ್ತಿಲ್ಲ. ಮೇಷ್ಟ್ರಿಗೆ ಹೇಳಬೇಕಾದದ್ದೇನೂ ಬಾಕಿ ಇರಲಿಲ್ಲ. ಆದರೆ ಅವರ ಪಕ್ಕದಲ್ಲಿ ಇನ್ನೂ ಕೆಲವು ಸಂಜೆ ಸುಮ್ಮನೆ ಕೂರಬಹುದಿತ್ತು. ಅದು ಇನ್ನಿಲ್ಲ.

ಪೆಟ್ಟಿಗೆ ಬಂದ ದಿನ ನನ್ನ ಮನೆಯ ನೆಲದ ಮೇಲೆ ಹಳಿ ಜೋಡಿಸಿ ನೋಡಿದೆ. ಗಾರೆ ನೆಲ, ಎಲ್ಲೂ ಸಮವಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗುವ ದಾರಿಯಲ್ಲಿ ಬಡಗಿಯ ಅಂಗಡಿಗೆ ಹೋಗಿ, ಎಂಟಡಿ ಉದ್ದ ಒಂದೂವರೆ ಅಡಿ ಅಗಲದ ಹಲಗೆ ಬೇಕೆಂದೆ.

“ಎಂತಕ್ಕೆ, ಪುಸ್ತಕ ಇಡ್ಲಿಕ್ಕಾ?” ಎಂದರು ಅವರು.

“ಅಲ್ಲ. ರೈಲು ಓಡಿಸ್ಲಿಕ್ಕೆ.”

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಇಬ್ಬರು ನನ್ನ ಕಡೆ ತಿರುಗಿದರು. ಬಡಗಿ ನಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, “ಹಂಗಾದ್ರೆ ಮಟ್ಟ ಸರಿಯಿರ್ಬೇಕು,” ಎಂದರು. ನಾನು ಬ್ಯಾಗ್ ಕೆಳಗಿಟ್ಟು, ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡೆ.